ಮಿಂಚುಹುಳ ಮಿಣುಕುತ್ತದೆ, ಕೊಳೆತ ಕಟ್ಟಿಗೆ ಏನು ಮಾಡುತ್ತದೆ?

ಎಲ್ಲರಿಗೂ ನಮಸ್ಕಾರ.

ತಾವೇ ಬೆಳಕು ಕೊಡುವ ಜೀವಿಗಳ ಬಗ್ಗೆ ಮಕ್ಕಳಿಗೊಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಮೂರನೇ ಪ್ಯಾರಾದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಅದೂ ಒಂದು ಕ್ರಿಯಾಪದಕ್ಕಾಗಿ.

ಮಿಂಚುಹುಳದ್ದು ತಕರಾರಿಲ್ಲ. ಮಿಣುಕುತ್ತದೆ, ಮಿನುಗುತ್ತದೆ, ಯಾವುದಾದರೂ ಸರಿ. ಹತ್ತಿ, ಆರಿ, ಮತ್ತೆ ಹತ್ತುವುದು ಆ ಪದದಲ್ಲೇ ಇದೆ. ಆದರೆ ಮಲೆನಾಡಿನ ಕಾಡಿನಲ್ಲಿ ಮಳೆಗಾಲದ ರಾತ್ರಿ ಕೊಳೆತ ಕಟ್ಟಿಗೆ ಬೆಳಕು ಕೊಡುತ್ತದಲ್ಲ, ಅದಕ್ಕೆ?

ಒಮ್ಮೆ ಅತ್ತೆ ಮನೆಯ ಹಿಂದಿನ ಬೆಟ್ಟದಲ್ಲಿ ಟಾರ್ಚ್ ಆರಿಸಿ ಸುಮ್ನೆ ನಿಂತಿದ್ದೆವು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಾಲಬುಡದ ಕಟ್ಟಿಗೆಯುದ್ದಕ್ಕೂ ತೆಳು ಹಸಿರು ಗೆರೆ ಕಂಡಿತು. "ಮಿಣುಕ್ತಾ ಇದೆ" ಅಂದೆ. "ಎಲ್ಲಿ ಮಿಣುಕ್ತದೆ? ಆರೂದೇ ಇಲ್ವಲ್ಲ" ಅಂದರು ಅತ್ತೆ. ಒಂದು ತುಂಡು ಮುರಿದು ಪ್ಲಾಸ್ಟಿಕ್ ಕವರಿನಲ್ಲಿ ತಂದೆ. ಬೆಳಿಗ್ಗೆ ನೋಡಿದರೆ ಒಲೆಗೂ ಬೇಡದ ಒದ್ದೆ ಕಟ್ಟಿಗೆ! ಬೆಳಕು ಕಟ್ಟಿಗೆಯದ್ದಲ್ಲ, ಅದರೊಳಗೆ ಹಬ್ಬಿದ ಶಿಲೀಂಧ್ರದ್ದು. ಹಗಲಲ್ಲಿ ಕಾಣದಷ್ಟು ಮಂದ, ಆದರೆ ಒಂದೇ ಸಮ. ಅತ್ತೆಯ ಮಾತು ಸರಿ, ಅದು ಮಿಣುಕುವುದಿಲ್ಲ.

"ಹೊಳೆಯುತ್ತದೆ" ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ತಿಕ್ಕಿದ ಹಿತ್ತಾಳೆ ಚೊಂಬೂ ಹೊಳೆಯುತ್ತದೆ. ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣೂ ಹೊಳೆಯುತ್ತದೆ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇರುವುದರಿಂದ ಬಿದ್ದ ಬೆಳಕು ವಾಪಸ್ ಬರುತ್ತದೆ, ಅಷ್ಟೇ. ಚೇಳಿನ ಕಥೆ ಇನ್ನೂ ಬೇರೆ. ನೇರಳಾತೀತ ಟಾರ್ಚ್ ಹಿಡಿದರೆ, ನಮಗೆ ಕಾಣದ ಆ ಬೆಳಕನ್ನು ಹೀರಿ, ಕಾಣುವ ನೀಲಿ-ಹಸಿರು ಬೆಳಕಾಗಿ ಬಿಡುತ್ತದೆ. ಟಾರ್ಚ್ ಆರಿದರೆ ಚೇಳೂ ಆರಿತು. ಇದಕ್ಕೆ ನಿಘಂಟುಗಳಲ್ಲಿ "ಪ್ರತಿದೀಪ್ತಿ" ಎಂದಿದೆ. ನನಗೆ ಒಗ್ಗದ ಪದ. "ಪ್ರತಿಫಲನ" ಓದಿದ ಮಗು "ಪ್ರತಿ" ಕಂಡ ಕೂಡಲೇ ಬೆಕ್ಕಿನ ಕಣ್ಣಿನ ಕಡೆಗೇ ಹೋಗುತ್ತದೆ, ಅಲ್ವಾ? ಮಿಂಚುಹುಳದ್ದು "ಜೈವಿಕ ದೀಪ್ತಿ". ತಪ್ಪಿಲ್ಲ, ಆದರೆ ಪರೀಕ್ಷೆ ಪೇಪರಿನ ವಾಸನೆ ಜಾಸ್ತಿ.

ನಾನೇ ಒಂದು ಪದ ಕಟ್ಟಿದೆ. ಮಿಂಚುಹುಳದ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದ ಜೊತೆ ಸೇರುತ್ತದೆ, ಬೆಳಕು ಬರುತ್ತದೆ. ಬಿಸಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅಂಗೈಯಲ್ಲಿ ಹಿಡಿದವರಿಗೆ ಗೊತ್ತು. ತಣ್ಣನೆ ಗಾಳಿ ತಂಗಾಳಿಯಾದರೆ, ತಣ್ಣನೆ ಬೆಳಕು "ತಂಬೆಳಕು" ಆಗಬಹುದಲ್ಲ? ಖುಷಿಯಾಯಿತು. ಅರ್ಧ ಗಂಟೆ ಮಾತ್ರ. ಹಳಗನ್ನಡದಲ್ಲಿ ತಂಗದಿರ ಎಂದರೆ ಚಂದ್ರ ಎಂಬುದು ನೆನಪಾಯಿತು. ತಂಬೆಳಕು ಎಂದರೆ ಓದಿದವರು ಬೆಳದಿಂಗಳು ಅಂದುಕೊಳ್ಳುತ್ತಾರೆ. ಬೆಳದಿಂಗಳೋ, ಸೂರ್ಯನಿಂದ ಎರವಲು ಪಡೆದ ಬೆಳಕು! ಯಾವುದನ್ನು ತಪ್ಪಿಸಲು ಹೊರಟೆನೋ ಅಲ್ಲಿಗೇ ಬಂದು ಬಿದ್ದೆ.

ಹಾಗಾಗಿ ಕೇಳುತ್ತಿದ್ದೇನೆ. ಆರದೆ ಒಂದೇ ಸಮ ಬೆಳಗುವ ಆ ಕಟ್ಟಿಗೆಗೆ ನಿಮ್ಮ ಮನೆಮಾತಿನಲ್ಲಿ ಏನನ್ನುತ್ತಾರೆ? ("ಕೊಳ್ಳಿದೆವ್ವ" ಬೇಡ, ಅದು ಓಡಾಡುತ್ತದೆ.) ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಕೆಲವು ರಾತ್ರಿ ಅಲೆ ಒಡೆದಲ್ಲಿ, ನೀರು ಕಲಕಿದಲ್ಲಿ ಮಾತ್ರ ನೀಲಿ ಬೆಳಕು ಏಳುತ್ತದೆ. ನಾಕ್ಟಿಲೂಕ ಎಂಬ ಏಕಕೋಶ ಜೀವಿ ಅದು. ಬಲೆ ಎಳೆಯುವವರು ಅದನ್ನು ಏನೆಂದು ಕರೆಯುತ್ತಾರೆ? ತುಳು, ಕೊಂಕಣಿ ಪದವಾದರೂ ಆದೀತು.