ಸಹಾಯ ಬೇಕು: ಹಳೆಯ ಯುದ್ಧನೌಕೆಯ ತಾಮ್ರಫಲಕ ಮುದ್ರಣದ ಕಾಲನಿರ್ಣಯ

ಬಲ್ಲವರಿಗೆ ನಮಸ್ಕಾರಗಳು. 1637ರಲ್ಲಿ ಇಂಗ್ಲೆಂಡಿನ ವುಲ್ವಿಚ್‌ನಲ್ಲಿ ನಿರ್ಮಾಣಗೊಂಡ, ನೂರಕ್ಕೂ ಹೆಚ್ಚು ಫಿರಂಗಿಗಳಿದ್ದ ‘ಸಾವರಿನ್ ಆಫ್ ದಿ ಸೀಸ್’ ಯುದ್ಧನೌಕೆಯನ್ನು ಜಾನ್ ಪೇನ್ ಎರಡು ತಾಮ್ರಫಲಕಗಳಲ್ಲಿ ಕೊರೆದ ಚಿತ್ರದ ಪ್ರತಿಯೊಂದು ನಮ್ಮ ತಂದೆಯವರ ಸಂಗ್ರಹದಲ್ಲಿದ್ದು, ಅದು ಮೂಲ ಫಲಕದಿಂದಲೇ ಅಚ್ಚಾದದ್ದೋ, ಮುಂದೆ ಬೇರೆಯವರು ತೆಗೆದ ನಕಲೋ ಎಂಬುದನ್ನು ತಿಳಿಯಬೇಕಾಗಿದೆ.

ಬೆಳಕಿಗೆ ಹಿಡಿದರೆ ಕಾಗದದಲ್ಲಿ ಒಂದೇ ಅಂತರದ ಜಾಲರಿ ಗೆರೆಗಳು ಕಾಣುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ, ಹಾಯಿಯ ಹಗ್ಗಗಳ ಒಂದೊಂದು ಗೆರೆಯೂ ಸೂಜಿಯ ಮೊನೆಯಂತೆ ಸಣ್ಣಗಾಗುತ್ತಾ ಮುಗಿಯುತ್ತದೆ. ಫೋಟೊ ಮುದ್ರಣದ ಚುಕ್ಕಿಗಳು ಎಲ್ಲಿಯೂ ಇಲ್ಲ. ಆ ಕೆತ್ತನೆ ನಿಜಕ್ಕೂ ಅಪೂರ್ವವಾದದ್ದು. ಆದರೆ ಹಿಂದೆ ಚೌಕಟ್ಟು ಹಾಕಿದವರು ಅಂಚುಗಳನ್ನು ಕತ್ತರಿಸಿರುವುದರಿಂದ ಫಲಕದ ಒತ್ತುಗುರುತು (ಅಚ್ಚೊತ್ತುವಾಗ ಫಲಕದ ಅಂಚು ಕಾಗದದಲ್ಲಿ ಮೂಡಿಸುವ ತಗ್ಗು) ಉಳಿದಿಲ್ಲ.

ಒತ್ತುಗುರುತಿಲ್ಲದ ಇಂತಹ ಹಾಳೆಯ ಕಾಲವನ್ನು ನಿರ್ಧರಿಸುವ ಬಗೆಯನ್ನು, ಬೆಂಗಳೂರು ಅಥವಾ ಮೈಸೂರಿನಲ್ಲಿ ಹಳೆಯ ಕಾಗದವನ್ನು ಪರೀಕ್ಷಿಸಬಲ್ಲ ಪರಿಣತರಿದ್ದರೆ ಆ ಮಾಹಿತಿಯನ್ನು ದಯವಿಟ್ಟು ತಿಳಿಸಿ.