ಹಾನ್ಸ್ ಹಾಕೆ: ಮ್ಯೂಸಿಯಂಗಳೇ ಬೇಡ ಅಂದಮೇಲೆ ಪರದೇಶದಲ್ಲಿ ಬದುಕಿದ್ದು ಹೇಗೆ?

ಮಣ್ಣಿನಕೈ:

ಎಲ್ಲರಿಗೂ ನಮಸ್ಕಾರ. ಶಿಲ್ಪಕಲೆಯ ಕೊನೆಯ ವರ್ಷದಲ್ಲಿದ್ದೇನೆ. ಸೆಮಿನಾರಿಗೆ ಹಾನ್ಸ್ ಹಾಕೆ ಅವರನ್ನು ಆರಿಸಿಕೊಂಡಿದ್ದೇನೆ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 2015ರಲ್ಲಿ ಅವರು ನಿಲ್ಲಿಸಿದ ಕುದುರೆಯ ಅಸ್ಥಿಪಂಜರದ ಫೋಟೋ ನೋಡಿದ ಮೇಲೆ ಬೇರೆ ಯಾರ ಬಗ್ಗೆಯೂ ಬರೆಯಲು ಮನಸ್ಸಾಗಲಿಲ್ಲ.

ಓದಿದ್ದರಿಂದ ತಿಳಿದದ್ದು ಇಷ್ಟು. 1936ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಹುಟ್ಟಿದರು, ಕಾಸೆಲ್‌ನಲ್ಲಿ ಕಲಿತರು, 1965ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲೇ ನೆಲೆಸಿದರು. 1971ರಲ್ಲಿ ಅಲ್ಲಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಪ್ರದರ್ಶನವನ್ನು ರದ್ದು ಮಾಡಿತು. 1974ರಲ್ಲಿ ಹುಟ್ಟೂರಿನ ಮ್ಯೂಸಿಯಂ ಕೂಡ ಅವರ ಕೃತಿಯನ್ನು ಬೇಡ ಅಂದಿತು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಅವರ ಕೃತಿಗಳೋ, ಯಾರೂ ಮನೆಯ ಹಾಲಿನಲ್ಲಿ ಇಟ್ಟುಕೊಳ್ಳುವಂಥವಲ್ಲ. ಹಾಗಿದ್ದರೆ ಹೊಟ್ಟೆಪಾಡಿಗೆ ಏನು ಮಾಡಿದರು?

ಇನ್ನೊಂದು ವಿಷಯ. ನನ್ನ ಗೈಡ್ "ಅವರು ರಾಜಕೀಯ ಕರಪತ್ರ ಬರೆಯುವವರು, ಶಿಲ್ಪಿ ಅಲ್ಲ" ಅನ್ನುತ್ತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ, ಆದರೆ ಉತ್ತರ ಕೊಡುವಷ್ಟು ಗೊತ್ತೂ ಇಲ್ಲ.

ಗೋಡೆಮೊಳೆ:

ಪ್ರದರ್ಶನಗಳಿಗೆ ಕೃತಿಗಳನ್ನು ಜೋಡಿಸಿ ನಿಲ್ಲಿಸುವುದು ನನ್ನ ಕೆಲಸ. ಹಾಕೆ ಅಂದರೆ ನನಗೆ ವಿಶೇಷ ಪ್ರೀತಿ, ಅದಕ್ಕೇ ಉತ್ತರ ಉದ್ದವಾಗುತ್ತದೆ.

ಹೊಟ್ಟೆಪಾಡಿನ ಮಾತು ಮೊದಲು. ಮೇಷ್ಟ್ರ ಕೆಲಸ. ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ 1967ರಿಂದ 2002ರವರೆಗೆ ಪಾಠ ಮಾಡಿದರು, ಮೂವತ್ತೈದು ವರ್ಷ. ತಿಂಗಳ ಸಂಬಳ ಕೈಗೆ ಬರುವವರಿಗೆ ಗ್ಯಾಲರಿಯವರ ಮುಖ ನೋಡಿಕೊಂಡು ಕೆಲಸ ಮಾಡಬೇಕಾಗಿಲ್ಲ, ಯಾರು ಕೊಳ್ಳುತ್ತಾರೆ ಎಂಬ ಯೋಚನೆ ಇಟ್ಟುಕೊಂಡು ಗಾತ್ರ, ಬಣ್ಣ ಬದಲಿಸಬೇಕಾಗಿಲ್ಲ. ಇವರ ಧೈರ್ಯದ ಬಗ್ಗೆ ಜನ ಪುಟಗಟ್ಟಲೆ ಬರೆಯುತ್ತಾರೆ, ಸಂಬಳದ ಬಗ್ಗೆ ಒಂದೇ ಸಾಲು. ನನ್ನ ಪ್ರಕಾರ ಆ ಸಾಲು ಮೊದಲು ಬರಬೇಕು. ನಿಮ್ಮ ಸೆಮಿನಾರಿನಲ್ಲಿ ಬರಲಿ.

ಇನ್ನು "ಶಿಲ್ಪಿ ಅಲ್ಲ" ಅನ್ನುವ ಮಾತು. ನಿಮ್ಮ ಗೈಡ್ ಅವರಿಗೆ 1963ರಿಂದ 65ರ ನಡುವೆ ಹಾಕೆ ಮಾಡಿದ ಕಂಡೆನ್ಸೇಷನ್ ಕ್ಯೂಬ್ ತೋರಿಸಿ. ಪಾರದರ್ಶಕ ಅಕ್ರಿಲಿಕ್‌ನ ಮುಚ್ಚಿದ ಚೌಕ ಪೆಟ್ಟಿಗೆ, ಒಳಗೆ ತಳದಲ್ಲಿ ಸ್ವಲ್ಪ ನೀರು. ಅಷ್ಟೇ. ದೀಪದ ಬಿಸಿಗೆ, ಕೋಣೆಯಲ್ಲಿ ನಿಂತ ಜನರ ಮೈಬಿಸಿಗೆ ಒಳಗಿನ ನೀರು ಆವಿಯಾಗುತ್ತದೆ. ಗೋಡೆಗಳ ಒಳಮೈಯಲ್ಲಿ ಹನಿ ಕಟ್ಟುತ್ತದೆ, ಹನಿ ದಪ್ಪವಾಗಿ ಜಾರುತ್ತದೆ, ಜಾರಿದ ದಾರಿಯಲ್ಲಿ ಮತ್ತೆ ಹೊಸ ಹನಿ. ಒಮ್ಮೆ ಕಂಡ ರೂಪ ಮತ್ತೊಮ್ಮೆ ಕಾಣುವುದಿಲ್ಲ. ನಮ್ಮ ಕೆಲಸದವರಿಗೆ ಇದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ಮ್ಯೂಸಿಯಂಗಳಲ್ಲಿ ತೇವ, ತಾಪ ಎರಡನ್ನೂ ಹಗಲೂ ರಾತ್ರಿ ಅಳೆಯುತ್ತಾರೆ. ತೇವ ಏರಿದರೆ ಕ್ಯಾನ್ವಾಸು ಹಾಳು, ಇಳಿದರೆ ಮರ ಬಿರಿಯುತ್ತದೆ. ಎಲ್ಲರೂ ಹೆದರುವ ಆ ತೇವವನ್ನೇ ಹಾಕೆ ಕೃತಿ ಮಾಡಿ ಕೋಣೆಯ ನಡುವೆ ಇಟ್ಟರು. ಯಾವ ಕೋಣೆಯಲ್ಲಿ ಇಟ್ಟಿದೆ, ಯಾರು ಬಂದು ನಿಂತಿದ್ದಾರೆ ಎನ್ನುವುದರ ಮೇಲೆ ಕೃತಿ ನಿಂತಿದೆ.

ಅವರು ಆಮೇಲೆ ಮಾಡಿದ್ದೆಲ್ಲ ಇದೇ. ನೀರಿನ ಜಾಗಕ್ಕೆ ಹಣ ಬಂತು, ಆಸ್ತಿ ಬಂತು, ಮತ ಬಂತು.

ಅದೇ ಕಾಲದ ಬ್ಲೂ ಸೇಲ್ ಕೂಡ ನೋಡಿ. ನೀಲಿ ಶಿಫಾನ್ ಬಟ್ಟೆಯ ಮೂಲೆಗಳನ್ನು ದಾರದಿಂದ ಹಿಡಿದಿಟ್ಟಿದ್ದಾರೆ, ಕೆಳಗೊಂದು ಟೇಬಲ್ ಫ್ಯಾನ್. ನಾನು ಇದನ್ನು 2019ರ ಕೊನೆಯಲ್ಲಿ ನ್ಯೂಯಾರ್ಕಿನ ನ್ಯೂ ಮ್ಯೂಸಿಯಂನಲ್ಲಿ ನಡೆದ ಅವರ ದೊಡ್ಡ ಪ್ರದರ್ಶನದಲ್ಲಿ ನೋಡಿದೆ. ಬಟ್ಟೆ ಉಬ್ಬಿ, ಕುಗ್ಗಿ, ಮತ್ತೆ ಉಬ್ಬುತ್ತಾ ಇತ್ತು. ಒಂದು ಪುಟ್ಟ ಮಗು ಅದರ ಎದುರು ಬಿಟ್ಟು ಕದಲಲೇ ಇಲ್ಲ. ಕರಪತ್ರಕ್ಕೆ ಆ ಶಕ್ತಿ ಇರುವುದಿಲ್ಲ ಅಂತ ನಿಮ್ಮ ಗೈಡ್ ಅವರಿಗೆ ಹೇಳಿ.

ಮುಂದಿನ ಹೆಜ್ಜೆ 1970. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 'ಇನ್ಫರ್ಮೇಶನ್' ಎಂಬ ಪ್ರದರ್ಶನ. ಎರಡು ಪಾರದರ್ಶಕ ಮತಪೆಟ್ಟಿಗೆ, ಮೇಲೆ ಒಂದು ಪ್ರಶ್ನೆ: ನಿಕ್ಸನ್ ಅವರ ಇಂಡೋಚೀನಾ ನೀತಿಯನ್ನು ಗವರ್ನರ್ ರಾಕ್‌ಫೆಲ್ಲರ್ ಖಂಡಿಸಿಲ್ಲ, ನವೆಂಬರಿನಲ್ಲಿ ಅವರಿಗೆ ಮತ ಹಾಕದಿರಲು ನಿಮಗೆ ಇದು ಕಾರಣವಾಗುತ್ತದೆಯೆ? ನಿಕ್ಸನ್ ಆಗಿನ ಅಮೆರಿಕದ ಅಧ್ಯಕ್ಷ, ಇಂಡೋಚೀನಾ ಅಂದರೆ ವಿಯೆಟ್ನಾಂ ಸುತ್ತಿನ ಯುದ್ಧ, ರಾಕ್‌ಫೆಲ್ಲರ್ ನ್ಯೂಯಾರ್ಕ್ ರಾಜ್ಯದ ಗವರ್ನರ್. ಆ ಮ್ಯೂಸಿಯಂ ಕಟ್ಟಿದವರಲ್ಲಿ ರಾಕ್‌ಫೆಲ್ಲರ್ ಮನೆತನವೂ ಒಂದು. ಗವರ್ನರ್ ಸ್ವತಃ ಅದರ ಟ್ರಸ್ಟಿ. 'ಹೌದು' ಪೆಟ್ಟಿಗೆಗೆ 25,566 ಚೀಟಿ, 'ಇಲ್ಲ' ಪೆಟ್ಟಿಗೆಗೆ 11,563 ಚೀಟಿ ಬಿದ್ದವು. ಪೆಟ್ಟಿಗೆ ಪಾರದರ್ಶಕವಾದ್ದರಿಂದ ಒಂದು ತುಂಬುತ್ತಾ ಇನ್ನೊಂದು ಹಿಂದೆ ಬೀಳುವುದು ಎಲ್ಲರಿಗೂ ಕಾಣುತ್ತಿತ್ತು. ಕ್ಯೂಬ್‌ನ ಹನಿಗಳು ಕಂಡ ಹಾಗೆಯೇ.

ಈಗ 1971. ಇದನ್ನು ಗಮನವಿಟ್ಟು ಬರೆಯಿರಿ, ಬಹಳ ಜನ ತಪ್ಪು ಬರೆಯುತ್ತಾರೆ. ರದ್ದಾಗಲು ಕಾರಣವಾದ ಮುಖ್ಯ ಕೃತಿಯ ಹೆಸರು 'ಶಪೋಲ್ಸ್ಕಿ ಎಟ್ ಆಲ್. ಮ್ಯಾನ್‌ಹಟನ್ ರಿಯಲ್ ಎಸ್ಟೇಟ್ ಹೋಲ್ಡಿಂಗ್ಸ್, ಎ ರಿಯಲ್ ಟೈಮ್ ಸೋಷಿಯಲ್ ಸಿಸ್ಟಮ್, ಆ್ಯಸ್ ಆಫ್ ಮೇ 1, 1971'. ಅಂದರೆ ಶಪೋಲ್ಸ್ಕಿ ಮತ್ತಿತರರಿಗೆ ಮ್ಯಾನ್‌ಹಟನ್‌ನಲ್ಲಿರುವ ಆಸ್ತಿಗಳು, 1971ರ ಮೇ 1ಕ್ಕೆ ಇದ್ದ ಹಾಗೆ. ಹೆಸರೇ ಒಂದು ದಾಖಲೆಯ ತಲೆಬರಹ. ಲೋಯರ್ ಈಸ್ಟ್ ಸೈಡ್ ಮತ್ತು ಹಾರ್ಲೆಮ್‌ನಂಥ ಬಡವರ ಬಡಾವಣೆಗಳಲ್ಲಿ ಒಂದೇ ಗುಂಪಿನ ಕೈಯಲ್ಲಿದ್ದ ಕಟ್ಟಡಗಳು, ಒಟ್ಟು 142 ಫೋಟೋ. ಪ್ರತಿ ಫೋಟೋ ಕೆಳಗೆ ಟೈಪು ಮಾಡಿದ ಹಾಳೆ: ವಿಳಾಸ, ನಿವೇಶನದ ಅಳತೆ, ಯಾವ ಕಂಪನಿಯ ಹೆಸರಿನಲ್ಲಿದೆ, ಯಾವಾಗ ಕೊಂಡದ್ದು, ಅಡಮಾನ ಎಷ್ಟು. ಬೇರೆ ಬೇರೆ ಕಂಪನಿ ಹೆಸರು, ಆದರೆ ಜನ ಅವರೇ. ಎಲ್ಲವೂ ಸರ್ಕಾರಿ ಕಚೇರಿಯ ಕಡತಗಳಲ್ಲಿ ಯಾರು ಬೇಕಾದರೂ ನೋಡಬಹುದಾಗಿದ್ದ ಮಾಹಿತಿ. ಹಾಕೆ ಕೂತು ನಕಲು ಮಾಡಿಕೊಂಡರು, ಬೀದಿಯಲ್ಲಿ ನಿಂತು ಫೋಟೋ ತೆಗೆದರು. ಬೈಗುಳದ ಒಂದು ಪದ ಇಲ್ಲ, ಘೋಷಣೆ ಇಲ್ಲ.

ಗುಗೆನ್‌ಹೈಮ್ ನಿರ್ದೇಶಕ ಥಾಮಸ್ ಮೆಸ್ಸರ್ ಇದನ್ನೂ, ಇಂಥದೇ ಇನ್ನೊಂದು ಆಸ್ತಿ ಕೃತಿಯನ್ನೂ, ವೀಕ್ಷಕರ ಮತಗಣನೆಯನ್ನೂ ಒಪ್ಪಲಿಲ್ಲ. ಹಾಕೆ ಕೈಬಿಡಲಿಲ್ಲ. ಉದ್ಘಾಟನೆಗೆ ಕೆಲವೇ ವಾರಗಳಿರುವಾಗ ಪ್ರದರ್ಶನ ರದ್ದಾಯಿತು. ಅವರ ಪರ ನಿಂತ ಕ್ಯುರೇಟರ್ ಎಡ್ವರ್ಡ್ ಫ್ರೈ ಕೆಲಸ ಕಳೆದುಕೊಂಡರು. ನೂರಕ್ಕೂ ಹೆಚ್ಚು ಕಲಾವಿದರು ಆ ಮ್ಯೂಸಿಯಂನಲ್ಲಿ ಪ್ರದರ್ಶನ ಮಾಡುವುದಿಲ್ಲ ಎಂದು ಸಹಿ ಹಾಕಿದರು. ಟ್ರಸ್ಟಿಗಳಿಗೂ ಆ ಕಟ್ಟಡ ಮಾಲೀಕರಿಗೂ ನಂಟಿತ್ತು, ಅದಕ್ಕೇ ರದ್ದು ಮಾಡಿದರು ಎಂದು ಅಲ್ಲಲ್ಲಿ ಬರೆದಿರುತ್ತಾರೆ. ಅದಕ್ಕೆ ಪುರಾವೆ ಇಲ್ಲ. ದಯವಿಟ್ಟು ಸೇರಿಸಬೇಡಿ. ಕಡತ ಬಿಟ್ಟು ಒಂದು ಮಾತೂ ಆಡದ ಕಲಾವಿದರ ಬಗ್ಗೆ ಗಾಳಿಮಾತು ಬರೆಯುವುದು ಅವರಿಗೆ ಮಾಡುವ ಅನ್ಯಾಯ.

ಬೆಲೆ ತೆತ್ತರು, ನಿಜ. ಆಮೇಲೆ ಅಮೆರಿಕದ ಪ್ರಮುಖ ಮ್ಯೂಸಿಯಂನಲ್ಲಿ ಅವರ ಸ್ವತಂತ್ರ ಪ್ರದರ್ಶನ ಆದದ್ದು 1986ರಲ್ಲಿ, ಅದೂ ನ್ಯೂ ಮ್ಯೂಸಿಯಂನಲ್ಲೇ. ನಡುವೆ ಹದಿನೈದು ವರ್ಷ. ಆ ಹದಿನೈದು ವರ್ಷವೂ ಅವರು ಕೂಪರ್ ಯೂನಿಯನ್‌ನಲ್ಲಿ ಪಾಠ ಮಾಡುತ್ತಿದ್ದರು.

ಲೆಕ್ಕದಪುಸ್ತಕ:

ಗೋಡೆಮೊಳೆ ಸರ್ ಹೇಳಿದ ಹಣದ ವಿಷಯಕ್ಕೆ ಒಂದು ಸೇರ್ಪಡೆ. 1971ರಲ್ಲಿ ಕಲಾ ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದ ಸೆತ್ ಸೀಗೆಲಾಬ್ ಮತ್ತು ವಕೀಲ ರಾಬರ್ಟ್ ಪ್ರೊಜಾನ್ಸ್ಕಿ ಸೇರಿ ಕಲಾವಿದರಿಗಾಗಿ ಒಂದು ಮಾರಾಟದ ಕರಾರುಪತ್ರ ಸಿದ್ಧ ಮಾಡಿದರು. ಕೊಂಡವರು ಆ ಕೃತಿಯನ್ನು ಮುಂದೆ ಹೆಚ್ಚಿನ ಬೆಲೆಗೆ ಮಾರಿದರೆ, ಏರಿದ ಮೊತ್ತದಲ್ಲಿ ಶೇಕಡಾ 15 ಕಲಾವಿದರಿಗೆ. ಕೃತಿ ಎಲ್ಲಿ, ಹೇಗೆ ಪ್ರದರ್ಶನವಾಗಬೇಕು ಎನ್ನುವುದರಲ್ಲೂ ಕಲಾವಿದರ ಮಾತು ನಡೆಯಬೇಕು. ಬಹಳಷ್ಟು ಕಲಾವಿದರು ಮೆಚ್ಚಿದರು, ಬಳಸಲಿಲ್ಲ. ಕೊಳ್ಳುವವರು ಓಡಿಹೋಗುತ್ತಾರೆ ಎಂಬ ಭಯ. ಬಿಡದೆ ಬಳಸಿದ ಕೆಲವರಲ್ಲಿ ಹಾಕೆ ಒಬ್ಬರು. ಸಂಬಳ ಇದ್ದದ್ದರಿಂದಲೇ ಸಾಧ್ಯವಾಗಿರಬೇಕು, ಆದರೂ ಸಂಬಳ ಇದ್ದ ಎಲ್ಲರೂ ಹಾಗೆ ಮಾಡಲಿಲ್ಲ.

ಮಣ್ಣಿನಕೈ:

ಇಬ್ಬರಿಗೂ ತುಂಬಾ ಧನ್ಯವಾದ. ಕ್ಯೂಬ್‌ನಿಂದ ಮತಪೆಟ್ಟಿಗೆಗೆ ಬರುವ ದಾರಿ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಜರ್ಮನಿಯ ಜೊತೆ ಅವರ ನಂಟು ಕಡಿದುಹೋಯಿತೆ? ಅವರನ್ನು ಯಾವ ದೇಶದ ಕಲಾವಿದರು ಎಂದು ಬರೆಯಲಿ?

ಸ್ಪ್ರೀತೀರ:

ಬರ್ಲಿನ್‌ನಲ್ಲಿ ಇರುವುದರಿಂದ ಇದಕ್ಕೆ ನಾನು ಉತ್ತರಿಸುತ್ತೇನೆ. ನಂಟು ಕಡಿಯಲಿಲ್ಲ, ಬಿಗಿಯಾಯಿತು. ಇಲ್ಲಿನ ಸಂಸತ್ ಭವನ ರೈಶ್‌ಸ್ಟಾಗ್‌ನ ಮುಂಭಾಗದಲ್ಲಿ 1916ರಿಂದ 'ಜರ್ಮನ್ ಜನಾಂಗಕ್ಕೆ' ಎಂಬ ಬರಹ ಇದೆ. ಹಾಕೆ ಒಳಗಿನ ತೆರೆದ ಅಂಗಳದಲ್ಲಿ, ಅದೇ ಅಕ್ಷರ ಶೈಲಿಯಲ್ಲಿ, 'ಇಲ್ಲಿ ವಾಸಿಸುವವರಿಗೆ' ಎಂಬ ಅರ್ಥದ 'ಡೆರ್ ಬೆಫೋಲ್ಕರುಂಗ್' ಎಂದು ನಿಯಾನ್‌ನಲ್ಲಿ ಬರೆಯಲು ಸೂಚಿಸಿದರು. ಸುತ್ತ ಸುಮಾರು 21 ಮೀಟರ್ ಉದ್ದ, 7 ಮೀಟರ್ ಅಗಲದ ಮಣ್ಣಿನ ಪಾತಿ. ಸಂಸದರು ತಂತಮ್ಮ ಕ್ಷೇತ್ರದ ಮಣ್ಣು ತಂದು ಸುರಿಯಬೇಕು. ಆಗ ಈ ದೇಶದಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ವಿದೇಶಿ ಪ್ರಜೆಗಳಿದ್ದರು, ಮುಂಭಾಗದ ಬರಹದಲ್ಲಿ ಅವರಿಗೆ ಜಾಗ ಇರಲಿಲ್ಲ. ಒಂದು ಕಲಾಕೃತಿಗಾಗಿ ಸಂಸತ್ತಿನಲ್ಲೇ ಚರ್ಚೆ ನಡೆದು, 2000ದ ಏಪ್ರಿಲ್ 5ರಂದು ಮತಕ್ಕೆ ಹಾಕಿದರು. ಪರ 260, ವಿರುದ್ಧ 258. ಎರಡೇ ಮತ!

ಪಾತಿಗೆ ತೋಟಗಾರ ಇಲ್ಲ. ಆ ಮಣ್ಣಿನ ಜೊತೆ ಬಂದ ಬೀಜ ಮೊಳೆಯುತ್ತದೆ, ಗಾಳಿ ತಂದದ್ದು ಬೆಳೆಯುತ್ತದೆ, ಯಾರೂ ಕಳೆ ಕೀಳುವುದಿಲ್ಲ. ಭವನದ ಚಾವಣಿಗೆ ಹೋದವರು ಕೆಳಗೆ ಬಗ್ಗಿ ನೋಡಬಹುದು. ನಾನು ವೀಸಾದ ಮೇಲೆ ಇಲ್ಲಿರುವವಳು. ಆ ಅಕ್ಷರಗಳಲ್ಲಿ ನನ್ನನ್ನೂ ಎಣಿಸಿದ್ದಾರೆ ಅನ್ನುವುದು ನನಗೆ ಸಣ್ಣ ವಿಷಯ ಅಲ್ಲ.

1993ರ ವೆನಿಸ್ ಬಿಯೆನಾಲೆಯನ್ನೂ ಸೇರಿಸಿ. ಅದು ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನ, ಅಲ್ಲಿ ಹಲವು ದೇಶಗಳಿಗೆ ತಮ್ಮದೇ ಕಟ್ಟಡ, ಅಂದರೆ ಪೆವಿಲಿಯನ್, ಇದೆ. ಜರ್ಮನ್ ಪೆವಿಲಿಯನ್ನಿಗೆ ಆ ಸಲ ಆರಿಸಿದ್ದು ಇಬ್ಬರನ್ನು: ನ್ಯೂಯಾರ್ಕಿನಲ್ಲಿದ್ದ ಜರ್ಮನ್ ಹಾಕೆ, ಕೊರಿಯಾದಲ್ಲಿ ಹುಟ್ಟಿ ಡ್ಯುಸೆಲ್‌ಡಾರ್ಫ್‌ನಲ್ಲಿ ಪಾಠ ಮಾಡುತ್ತಿದ್ದ ನಾಮ್ ಜೂನ್ ಪೈಕ್. ಆ ಕಟ್ಟಡವನ್ನು 1938ರಲ್ಲಿ ನಾಜಿಗಳು ತಮ್ಮ ರುಚಿಗೆ ತಕ್ಕಂತೆ ಬದಲಿಸಿದ್ದರು. ಹಾಕೆ ಬಾಗಿಲಲ್ಲಿ 1934ರ ಬಿಯೆನಾಲೆಗೆ ಬಂದಿದ್ದ ಹಿಟ್ಲರನ ಫೋಟೋ ಇಟ್ಟರು, ಮೇಲೆ ಆಗಿನ ಜರ್ಮನ್ ಹಣವಾದ ಮಾರ್ಕ್‌ನ, 1990ರ ಒಂದು ಮಾರ್ಕ್ ನಾಣ್ಯದ ದೊಡ್ಡ ಪ್ರತಿರೂಪ. ಒಳಗೆ ಹೋದರೆ ನೆಲದ ಅಮೃತಶಿಲೆಯ ಹಾಸುಗಳನ್ನೆಲ್ಲ ಒಡೆದು ಹಾಕಿದ್ದಾರೆ. ಎದುರು ಗೋಡೆಯ ಮೇಲೆ 'ಜರ್ಮಾನಿಯಾ' ಎಂಬ ಅಕ್ಷರ, ಬೇರೇನೂ ಇಲ್ಲ. ನಡೆದರೆ ಕಾಲ ಕೆಳಗೆ ಚೂರುಗಳು ಅಲುಗಾಡಿ ಸದ್ದು ಮಾಡುತ್ತಿದ್ದವು. ಆ ಪೆವಿಲಿಯನ್ನಿಗೆ ಬಿಯೆನಾಲೆಯ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಬಂತು.

ಮಣ್ಣಿನಕೈ:

ಮೇಡಂ, ಓದಿ ರೋಮಾಂಚನವಾಯಿತು. ಇದನ್ನೆಲ್ಲ ದೂರದಲ್ಲಿ ಇದ್ದುದರಿಂದಲೇ ಮಾಡಲು ಆಯಿತೆ? ನಾನೂ ಹೊರಗೆ ಹೋಗಿ ಓದುವ ಯೋಚನೆಯಲ್ಲಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಗೋಡೆಮೊಳೆ:

ದೂರ ಹೋದದ್ದೇ ಕಾರಣ ಅಂತ ನಾನು ಹೇಳಲಾರೆ. ಹೊರಡುವ ಮೊದಲೇ ಆ ಕಣ್ಣು ಅವರಿಗಿತ್ತು. 1959ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಕಾಸೆಲ್‌ನಲ್ಲಿ ನಡೆಯುವ ದೊಡ್ಡ ಸಮಕಾಲೀನ ಕಲಾ ಪ್ರದರ್ಶನವಾದ ಡಾಕ್ಯುಮೆಂಟಾದ ಎರಡನೆಯ ಆವೃತ್ತಿಯಲ್ಲಿ ಕೃತಿಗಳನ್ನು ಜೋಡಿಸಲು, ಕಾವಲು ಕಾಯಲು, ಜನರಿಗೆ ತೋರಿಸಲು ಕೆಲಸಕ್ಕಿದ್ದರು. ಆಗ ಅವರು ಕ್ಯಾಮೆರಾ ತಿರುಗಿಸಿದ್ದು ಚಿತ್ರಗಳ ಮುಂದೆ ನಿಂತ ಜನರ ಕಡೆಗೆ. ನನ್ನ ಕೆಲಸವನ್ನೇ ಅವರೂ ಮಾಡಿದ್ದರು ಎನ್ನುವುದು ನನಗೆ ಹೆಮ್ಮೆ. ಆಮೇಲೆ ಪ್ಯಾರಿಸ್, 1961ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ನೆರವಿನಲ್ಲಿ ಫಿಲಡೆಲ್ಫಿಯಾದ ಟೈಲರ್ ಕಲಾಶಾಲೆ, ಮತ್ತೆ ಜರ್ಮನಿ, ಕೊನೆಗೆ ನ್ಯೂಯಾರ್ಕ್.

ನನಗೆ ಮುಖ್ಯ ಅನ್ನಿಸುವುದು ಬೇರೆ. ಎರಡೂ ದೇಶಗಳಿಗೆ ಅವರು ಒಂದೇ ಪ್ರಶ್ನೆ ಕೇಳಿದರು: ಇದು ಯಾರದು, ದುಡ್ಡು ಯಾರದು? 1972ರಲ್ಲಿ ಕ್ರೆಫೆಲ್ಡ್ ನಗರದ ಮ್ಯೂಸಿಯಂನಲ್ಲೇ, ಆ ನಗರ ರೈನ್ ನದಿಗೆ ಬಿಡುತ್ತಿದ್ದ ಕೊಳಚೆಯ ಲೆಕ್ಕವನ್ನು ಗೋಡೆಗೆ ಹಾಕಿದರು. ಪಕ್ಕದಲ್ಲಿ ಕೊಳಕು ನೀರನ್ನು ಸೋಸುವ ಸಲಕರಣೆ, ಸೋಸಿದ ನೀರಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್. 1974ರಲ್ಲಿ ಕಲೋನ್‌ನಲ್ಲಿ ಆದದ್ದೂ ಹಾಗೇ. ಮ್ಯೂಸಿಯಂನ ಹೆಮ್ಮೆಯಾಗಿದ್ದ, ಫ್ರೆಂಚ್ ಚಿತ್ರಕಾರ ಮಾನೆಯ ಶತಾವರಿ ಕಟ್ಟಿನ ಚಿತ್ರ 1880ರಿಂದ ಯಾರ ಯಾರ ಕೈ ದಾಟಿ ಬಂತು ಎಂದು ಹಲಗೆಗಳಲ್ಲಿ ಬರೆದರು. ಚಿತ್ರ ಅಲ್ಲಿಗೆ ಬರಲು ಓಡಾಡಿದವರಲ್ಲಿ ಮುಖ್ಯರು ಹೆರ್ಮನ್ ಯೋಸೆಫ್ ಆಬ್ಸ್, ನಾಜಿ ಕಾಲದಲ್ಲೇ ಡಾಯ್ಚ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿದ್ದವರು. ಅದೂ ಹಲಗೆಯ ಮೇಲೆ ಬಂತು. ಮ್ಯೂಸಿಯಂ ಒಲ್ಲೆ ಅಂದಿತು. ಪೌಲ್ ಮೆನ್ಜ್ ತಮ್ಮ ಗ್ಯಾಲರಿಯಲ್ಲಿ ಜಾಗ ಕೊಟ್ಟರು. ಫ್ರಾನ್ಸಿನ ಡೇನಿಯಲ್ ಬ್ಯುರೆನ್ ಆ ಹಲಗೆಗಳ ನಕಲನ್ನು ಮ್ಯೂಸಿಯಂ ಒಳಗಿದ್ದ ತಮ್ಮ ಕೃತಿಯ ಮೇಲೆ ಅಂಟಿಸಿದರು, ಮ್ಯೂಸಿಯಂನವರು ಅದರ ಮೇಲೆ ಕಾಗದ ಹಚ್ಚಿ ಮುಚ್ಚಿದರು.

ದೇಶದ ಬಗ್ಗೆ ಕೇಳಿದಿರಲ್ಲ, 'ನ್ಯೂಯಾರ್ಕಿನಲ್ಲಿ ನೆಲೆಸಿದ ಜರ್ಮನ್ ಕಲಾವಿದ' ಎಂದೇ ಬರೆಯಿರಿ, ಸಾಕು. ಸೆಮಿನಾರಿಗೆ ಎಲ್ಲ ಕೃತಿಗಳನ್ನೂ ಹಿಡಿಯಲು ಹೋಗಬೇಡಿ. ಕ್ಯೂಬ್, ಮತಪೆಟ್ಟಿಗೆ, 142 ಕಟ್ಟಡ, ರೈಶ್‌ಸ್ಟಾಗ್‌ನ ಮಣ್ಣು, ಈ ನಾಲ್ಕು ಸಾಕು. ನಿಮ್ಮ ಕುದುರೆಯನ್ನು ಕೊನೆಗೆ ತನ್ನಿ. ಅದು ನಿಂತ ಪೀಠ ನಾಲ್ಕನೆಯ ವಿಲಿಯಂ ರಾಜನ ಅಶ್ವಾರೂಢ ಪ್ರತಿಮೆಗೆಂದು ಕಟ್ಟಿದ್ದು, ಹಣ ಸಾಲದೆ ಖಾಲಿ ಉಳಿದಿತ್ತು. ಆ ಖಾಲಿ ಪೀಠದ ಮೇಲೆ ಸವಾರನಿಲ್ಲದ ಎಲುಬಿನ ಕುದುರೆ, ಮುಂಗಾಲಿಗೆ ಕಟ್ಟಿದ ರಿಬ್ಬನ್ ಮೇಲೆ ಲಂಡನ್ ಷೇರು ಪೇಟೆಯ ದರಗಳು ಆ ಕ್ಷಣದ್ದು ಆ ಕ್ಷಣಕ್ಕೆ ಓಡುತ್ತಿದ್ದವು. ಮತ್ತೆ, ಗುಗೆನ್‌ಹೈಮ್ ಬೇಡವೆಂದ ಆ ಶಪೋಲ್ಸ್ಕಿ ಕೃತಿಯನ್ನು 2007ರಲ್ಲಿ ನ್ಯೂಯಾರ್ಕಿನದೇ ವಿಟ್ನಿ ಮ್ಯೂಸಿಯಂ, ಬಾರ್ಸಿಲೋನಾದ ಮ್ಯೂಸಿಯಂ ಜೊತೆ ಸೇರಿ ಕೊಂಡಿತು. ಅದರ ಫೋಟೋಗಳನ್ನಷ್ಟೇ ನೋಡಬೇಡಿ, ಟೈಪು ಮಾಡಿದ ಹಾಳೆಗಳಲ್ಲಿ ನಾಲ್ಕೈದನ್ನಾದರೂ ಪೂರ್ತಿ ಓದಿ, ಗೈಡ್ ಅವರಿಗೂ ಓದಿ ಹೇಳಿ.