ನಾಲ್ಕು ವರ್ಷದ ಮಗಳು ಇನ್ನೂ ಅ ಆ ಬರೆಯಲ್ಲ, ಏನು ಮಾಡಲಿ ಅಕ್ಕೋರೆ?

ಪ್ರಶ್ನೆ (ಒಬ್ಬ ತಾಯಿ, ಕಲಬುರಗಿ): ನಮಸ್ಕಾರ ಅಕ್ಕೋರೆ. ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ನರ್ಸರಿಯಲ್ಲಿ ದಿನಾ ಒಂದು ಪುಟ ಅ ಆ ಇ ಈ ಬರೆಯಲು ಕೊಡುತ್ತಾರೆ. ಕೈ ಹಿಡಿದು ಬರೆಸಿದರೆ ಅಳುತ್ತಾಳೆ. ಓಣಿಯಲ್ಲಿ ಅವಳ ವಾರಿಗೆಯ ಹುಡುಗ ಎಬಿಸಿಡಿ ಪೂರ್ತಿ ಬರೆಯುತ್ತಾನೆ. ಇವಳು ಹಿಂದೆ ಬೀಳುತ್ತಾಳಾ?

ಉತ್ತರ (ಅಂಗನವಾಡಿ ಶಿಕ್ಷಕಿ): ಇಲ್ಲ ತಂಗಿ. ಮೊದಲು ಕೈ ಹಿಡಿದು ಬರೆಸೋದು ಬಿಡಿ. ಆ ಬೆರಳಿಗೆ ಇನ್ನೂ ಅಷ್ಟು ಬಲ ಬಂದಿಲ್ಲ. ಮೊದಲ ಅಕ್ಷರ ಅಂತ ನಾವು 'ಅ' ಸುಲಭ ಅಂದುಕೊಳ್ಳುತ್ತೇವೆ. ಬರೆಯಲು ಹೋದರೆ ಅದರಲ್ಲಿ ಎಷ್ಟು ತಿರುವು ಇವೆ ನೋಡಿ! ಸರಕಾರಿ ಶಾಲೆಯಲ್ಲಿ ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಅಂತ ಶುರು ಮಾಡುತ್ತಾರೆ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ ಓದಲು ಬರುತ್ತದೆ. ಅದೂ ಒಂದನೇ ತರಗತಿಯಲ್ಲಿ.

ಈಗ ಬೇಕಾಗಿರೋದು ಕಿವಿ ಮತ್ತು ಬಾಯಿ. ಅಡುಗೆಮನೆಯಲ್ಲೇ ಚಪ್ಪಾಳೆ ಆಟ ಆಡಿ. ರೊ-ಟ್ಟಿ, ಎರಡು ಚಪ್ಪಾಳೆ. ತೊ-ಗ-ರಿ, ಮೂರು. ಕ-ಲ-ಬು-ರ-ಗಿ, ಐದು. ಇದು ಬಂದ ಮೇಲೆ ಕೇಳಿ: "ತೊಗರಿಯಲ್ಲಿ 'ತೊ' ತೆಗೆದರೆ ಏನು ಉಳೀತು?" ನಮ್ಮ ಕೇಂದ್ರದಲ್ಲಿ ಒಬ್ಬ ಹುಡುಗ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ "ಗರಿ!" ಅಂತ ಕೂಗಿ ಎದ್ದು ನಿಂತ. ಅವನಿಗೆ ಆಗ ಒಂದು ಅಕ್ಷರವೂ ಗೊತ್ತಿರಲಿಲ್ಲ. ಆದರೆ ಮಾತನ್ನು ಬಿಡಿಸಬಹುದು ಅಂತ ಗೊತ್ತಾಗಿತ್ತು. ನಮ್ಮ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಉಚ್ಚಾರ ಅಲ್ವಾ, ಹಾಗಾಗಿ ಈ ಆಟ ಮುಂದೆ ಓದುವಾಗ ನೇರ ಕೆಲಸಕ್ಕೆ ಬರುತ್ತದೆ.

ಬೆರಳಿಗೆ? ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟು ಕೊಡಿ, ನಾದಲಿ. ಕಾಳು ಆರಿಸಲು ಕೊಟ್ಟರೆ ಪಕ್ಕದಲ್ಲೇ ಕೂತಿರಿ, ಮೂಗಿಗೆ ಹಾಕಿಕೊಳ್ಳುತ್ತಾರೆ. ರಾತ್ರಿ ಒಂದು ಚಿತ್ರದ ಪುಸ್ತಕ ಓದಿ. ಅದೇ ಪುಸ್ತಕ ಹತ್ತು ಸಲ ಕೇಳಿದರೂ ಬೇಜಾರು ಮಾಡಿಕೊಳ್ಳಬೇಡಿ. ಸಾಲಿನ ಕೆಳಗೆ ಬೆರಳು ಇಟ್ಟು ಓದಿ, ನಡುವೆ ನಿಲ್ಲಿಸಿ "ಮುಂದೆ ಏನಾಗುತ್ತೆ?" ಅಂತ ಕೇಳಿ. ಬಸ್ಸಿನ ಬೋರ್ಡಿನಲ್ಲಿ ಅವಳ ಹೆಸರಿನ ಅಕ್ಷರ ಹುಡುಕಿಸಿ.

ಪ್ರಶ್ನೆ (ಒಬ್ಬ ತಂದೆ, ಚಿತ್ತಾಪುರದ ಹತ್ತಿರದ ತಾಂಡಾ): ನಮ್ಮ ಮನೆಯಲ್ಲಿ ಲಂಬಾಣಿ ಮಾತು. ಈಗಲೇ ಬರೀ ಕನ್ನಡ ಮಾತಾಡಿಸಬೇಕಾ?

ಉತ್ತರ: ಬೇಡ ಅಣ್ಣಾ, ದಯವಿಟ್ಟು ಬಿಡಿಸಬೇಡಿ. ಅಜ್ಜಿ ಲಂಬಾಣಿಯಲ್ಲೇ ಕಥೆ ಹೇಳಲಿ, ಹಾಡಲಿ. ಕಥೆ ಹೇಗೆ ಸಾಗುತ್ತದೆ ಅನ್ನೋದು ಒಂದು ಭಾಷೆಯಲ್ಲಿ ಗೊತ್ತಾದರೆ ಇನ್ನೊಂದರಲ್ಲಿ ಹೊಸದಾಗಿ ಕಲಿಯಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಕನ್ನಡ ಅಂಗನವಾಡಿಯಲ್ಲಿ, ಗೆಳೆಯರ ಜೊತೆ ಬರುತ್ತದೆ. ಮಗು ಎರಡನ್ನೂ ಕಲಸಿ ಮಾತಾಡಿದರೆ ತಪ್ಪು ಅನ್ನಬೇಡಿ.

ಮೊದಲ ತಾಯಿ: ಹೋಮ್‌ವರ್ಕ್ ಮಾಡದಿದ್ದರೆ ಶಾಲೆಯವರು ಬೈಯುತ್ತಾರೆ ಅಕ್ಕೋರೆ.

ಉತ್ತರ: ನೀವೇ ಒಮ್ಮೆ ಹೋಗಿ ಮಾತಾಡಿ. "ಪುಟದ ಬದಲು ಎರಡು ಅಕ್ಷರ ಸಾಕು, ಮಗಳನ್ನು ಅಳಿಸುತ್ತಾ ಬರೆಸಲ್ಲ" ಅಂತ ಹೇಳಿ. ಆದರೆ ಕರೆದರೆ ತಿರುಗಿ ನೋಡದಿದ್ದರೆ, ಹೊರಗಿನವರಿಗೆ ಅವಳ ಮಾತು ಅರ್ಥವೇ ಆಗದಿದ್ದರೆ ತಡ ಮಾಡದೆ ಡಾಕ್ಟರಿಗೆ ಕಿವಿ ತೋರಿಸಿ. ಅಂಥದ್ದೇನೂ ಇಲ್ಲದಿದ್ದರೆ ಆರು ತುಂಬಿ ಒಂದನೇ ತರಗತಿಗೆ ಹೋಗಲು ಇನ್ನೂ ಹೆಚ್ಚುಕಡಿಮೆ ಎರಡು ವರ್ಷ ಇದೆ ತಂಗಿ.